ಕುಯ್ಲಿಗೆ ಮುಂಚೆ ವಿಂಡೋಸ್ 11: ಮೂರು ಯಂತ್ರ, ಮೂರು ತೀರ್ಮಾನ

ವಿಂಡೋಸ್ 10ಕ್ಕೆ ಸಿಗುತ್ತಿದ್ದ ಮಾಮೂಲಿ ಭದ್ರತಾ ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕೆ ನಿಂತಿತು. ಕೊಡಗಿನಲ್ಲಿ ಅದು ಕಾವೇರಿ ಸಂಕ್ರಮಣದ ವಾರ. ಮಳೆ ಹಿಂದೆ ಸರಿದಿರುತ್ತದೆ, ಅರೇಬಿಕಾ ಕುಯ್ಲು ಇನ್ನೂ ಶುರುವಾಗಿರುವುದಿಲ್ಲ. ತೋಟದ ಕಚೇರಿಯ ಕಂಪ್ಯೂಟರಿಗೆ ಕೈ ಹಾಕಲು ವರ್ಷದಲ್ಲಿ ಸಿಗುವ ಸರಿಯಾದ ಬಿಡುವು ಅದೊಂದೇ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತಂತಿಯ ಮೇಲೆ ಮರ ಬಿದ್ದು ಕರೆಂಟ್ ಯಾವಾಗ ಹೋಗುತ್ತದೆಂದು ಹೇಳುವಂತಿಲ್ಲ. ನವೆಂಬರ್ ಕೊನೆಯಿಂದ ಮಾರ್ಚ್‌ವರೆಗೆ ಕುಯ್ಲು, ಚೆಕ್‌ರೋಲ್ (ಕೆಲಸಗಾರರ ಹಾಜರಿ ಪುಸ್ತಕ), ಬಟವಾಡೆ (ಕೂಲಿ ಹಂಚಿಕೆ). ಮಾರ್ಚ್ ಅಂದರೆ ವರ್ಷದ ಲೆಕ್ಕ ಮುಗಿಸುವ ತಿಂಗಳು. ಏಪ್ರಿಲ್, ಮೇ ತಿಂಗಳಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಸಿಡಿಲು. ಹಾಗಾಗಿ ವಿಂಡೋಸ್ 11ಕ್ಕೆ ದಾಟಬೇಕೇ ಬೇಡವೇ ಎಂಬ ತೀರ್ಮಾನ ಏನೇ ಇದ್ದರೂ ಅಕ್ಟೋಬರ್‌ನಲ್ಲೇ ಆಗಬೇಕಿತ್ತು.

ನಮ್ಮ ಮುಂದಿದ್ದದ್ದು ಮೂರು ಬಗೆಯ ಯಂತ್ರ. ಮೊದಲನೆಯದು ತೋಟದ ಕಚೇರಿಯ ಡೆಸ್ಕ್‌ಟಾಪ್: ಎಂಟನೇ ತಲೆಮಾರಿನ ಇಂಟೆಲ್ ಕೋರ್ ಐ5, 8 ಜಿಬಿ ರ‍್ಯಾಮ್, 1 ಟಿಬಿ ಹಾರ್ಡ್ ಡಿಸ್ಕ್. ಎರಡನೆಯದು ಹೋಂಸ್ಟೇ ಮನೆಯ ಲ್ಯಾಪ್‌ಟಾಪ್: ಆರನೇ ತಲೆಮಾರಿನ ಕೋರ್ ಐ3-6006ಯು, 4 ಜಿಬಿ ರ‍್ಯಾಮ್. ಮೂರನೆಯದು ಕುಶಾಲನಗರದ ಕಡೆಯ ಕಾಫಿ ಖರೀದಿ ಗೋದಾಮಿನಲ್ಲಿ ತೂಕದ ಯಂತ್ರಕ್ಕೆ ಜೋಡಿಸಿದ ಹಳೆಯ ಪಿಸಿ, 32 ಬಿಟ್ ವಿಂಡೋಸ್ 10.

ಮೈಕ್ರೋಸಾಫ್ಟ್‌ನ ಪಿಸಿ ಹೆಲ್ತ್ ಚೆಕ್ ಎಂಬ ಉಚಿತ ತಂತ್ರಾಂಶ ಪ್ರೊಸೆಸರ್, ಟಿಪಿಎಂ 2.0 (ಗುಪ್ತ ಕೀಗಳನ್ನು ಕಾಪಾಡುವ ಭದ್ರತಾ ಭಾಗ), ಸೆಕ್ಯೂರ್ ಬೂಟ್ (ಸಹಿ ಇರುವ ತಂತ್ರಾಂಶದಿಂದ ಮಾತ್ರ ಯಂತ್ರ ಶುರುವಾಗುವ ವ್ಯವಸ್ಥೆ), 4 ಜಿಬಿ ರ‍್ಯಾಮ್, 64 ಜಿಬಿ ಜಾಗ, ಇಷ್ಟನ್ನು ನೋಡಿ ಆಗುತ್ತದೆ ಅಥವಾ ಆಗುವುದಿಲ್ಲ ಎಂದು ಹೇಳುತ್ತದೆ. ಅದರ ಮಾತನ್ನು ಅರ್ಧ ಉತ್ತರ ಎಂದಷ್ಟೇ ತೆಗೆದುಕೊಳ್ಳಬೇಕು. ಆ ಕಂಪ್ಯೂಟರನ್ನು ನಂಬಿಕೊಂಡಿರುವ ಪ್ರಿಂಟರ್, ಡಿಜಿಟಲ್ ಸಹಿಯ ಟೋಕನ್, ಲೆಕ್ಕದ ತಂತ್ರಾಂಶ ಟ್ಯಾಲಿ, ಕನ್ನಡ ತಂತ್ರಾಂಶ ನುಡಿಯ ಕಡತಗಳು, ತೂಕದ ಕೇಬಲ್, ಇವು ಒಪ್ಪುತ್ತವೆಯೇ ಎಂಬುದು ಉಳಿದರ್ಧ. ಈ ಭಾಗವನ್ನು ಯಾವ ತಂತ್ರಾಂಶವೂ ಪರೀಕ್ಷಿಸಿ ಕೊಡುವುದಿಲ್ಲ. ಒಂದು ಹಾಳೆ ತೆಗೆದುಕೊಂಡು ಯಂತ್ರದ ಹಿಂದೆ ಚುಚ್ಚಿದ ಒಂದೊಂದು ವೈರ್ ಎಲ್ಲಿಗೆ ಹೋಗುತ್ತದೆ ಎಂದು ಬರೆಯುವುದು, ಆಮೇಲೆ ತೋಟದ ಲೆಕ್ಕ ಬರೆಯುವ ರೈಟರ್ ಪಕ್ಕದಲ್ಲಿ ಕೂತು ಬಟವಾಡೆಯ ದಿನ ಅವರು ಏನೇನು ತೆರೆಯುತ್ತಾರೆ ಎಂದು ನೋಡುವುದು, ಇದೇ ನಿಜವಾದ ಪರಿಶೀಲನೆ.

ಕಚೇರಿಯ ಡೆಸ್ಕ್‌ಟಾಪ್‌ನಿಂದ ಶುರು ಮಾಡೋಣ. ಪ್ರೊಸೆಸರ್ ಮೈಕ್ರೋಸಾಫ್ಟ್ ಒಪ್ಪಿದ ಪಟ್ಟಿಯಲ್ಲಿತ್ತು, ಆದರೂ ಹೆಲ್ತ್ ಚೆಕ್ ಕೆಂಪು ತೋರಿಸಿತು. ಇಂಥ ಕಡೆ ಹೊಸ ಪಿಸಿ ಕೊಳ್ಳಲು ಹೊರಡುವ ಮೊದಲು ಸಿಸ್ಟಂ ಇನ್ಫರ್ಮೇಷನ್ ತೆರೆದು ‘ಬಯಾಸ್ ಮೋಡ್’ ಸಾಲನ್ನು ನೋಡಬೇಕು (ಬಯಾಸ್ ಅಂದರೆ ವಿಂಡೋಸ್‌ಗೂ ಮುಂಚೆ ಯಂತ್ರವನ್ನು ಎಬ್ಬಿಸುವ, ಬೋರ್ಡಿನೊಳಗಿನ ತಂತ್ರಾಂಶ). ಅಲ್ಲಿ ‘ಲೆಗಸಿ’ ಎಂದಿತ್ತು. ಯಂತ್ರಕ್ಕೆ ಬಯಾಸ್‌ನ ಹೊಸ ರೂಪವಾದ ಯುಇಎಫ್‌ಐ ಬರುತ್ತದೆ, ಆದರೆ ವಿಂಡೋಸ್ ಹಾಕಿದವರು ಡಿಸ್ಕ್ ಹಂಚಿಕೆಯ ಹಳೆಯ ಎಂಬಿಆರ್ ವಿಧಾನದಲ್ಲಿ ಹಾಕಿದ್ದಾರೆ. ಟಿಪಿಎಂ ಇಲ್ಲ ಎಂದು ಬರುವುದೂ ಹೆಚ್ಚಿನ ಸಲ ಸುಳ್ಳೇ. ಈ ತಲೆಮಾರಿನ ಇಂಟೆಲ್ ಯಂತ್ರಗಳಲ್ಲಿ ಅದು ಪಿಟಿಟಿ ಎಂಬ ಹೆಸರಿನಲ್ಲಿ, ಎಎಂಡಿಯಲ್ಲಿ ಎಫ್‌ಟಿಪಿಎಂ ಎಂಬ ಹೆಸರಿನಲ್ಲಿ ಬಯಾಸ್ ಒಳಗೆ ಆಫ್ ಆಗಿ ಕೂತಿರುತ್ತದೆ.

ಇನ್ನು ಹಾರ್ಡ್ ಡಿಸ್ಕ್. ತಿರುಗುವ ಡಿಸ್ಕ್ ಮೇಲೆ ವಿಂಡೋಸ್ 11 ಹಾಕುವುದಕ್ಕಿಂತ ಹಾಕದೇ ಇರುವುದು ಮೇಲು. ಬೆಳಿಗ್ಗೆ ಆನ್ ಮಾಡಿದರೆ ಟ್ಯಾಲಿ ತೆರೆಯುವಷ್ಟರಲ್ಲಿ ರೈಟರ್ ತಾಳ್ಮೆ ಮುಗಿದಿರುತ್ತದೆ. ಆದ್ದರಿಂದ ತಿರುಗುವ ಭಾಗವಿಲ್ಲದ ವೇಗದ ಡಿಸ್ಕ್, ಅಂದರೆ ಎಸ್‌ಎಸ್‌ಡಿ, ಈ ಕೆಲಸದ ಭಾಗವೇ. ಅದಕ್ಕೆ ಇನ್ನೊಂದು ಲಾಭವಿದೆ: ತೆಗೆದಿಟ್ಟ ಹಳೆಯ ಡಿಸ್ಕೇ ಅತ್ಯುತ್ತಮ ಬ್ಯಾಕಪ್. ಎಲ್ಲ ಕೆಟ್ಟರೂ ಆ ಡಿಸ್ಕನ್ನು ಮತ್ತೆ ಚುಚ್ಚಿ, ಬಯಾಸ್ ಹಿಂದಿನಂತೆ ಮಾಡಿದರೆ ಶನಿವಾರದ ಬಟವಾಡೆ ನಿಲ್ಲುವುದಿಲ್ಲ. ಕ್ಲೋನ್ ಮಾಡುವ (ಡಿಸ್ಕಿನಲ್ಲಿ ಇರುವುದನ್ನು ಇದ್ದಂತೆಯೇ ಹೊಸದಕ್ಕೆ ಇಳಿಸುವ) ಮೊದಲು ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ತಂತ್ರಾಂಶದಲ್ಲಿ ಹಳೆಯ ಡಿಸ್ಕಿನ ಆರೋಗ್ಯ ನೋಡಿ. ‘ಪೆಂಡಿಂಗ್ ಸೆಕ್ಟರ್’ ಸಾಲಿನಲ್ಲಿ ಸೊನ್ನೆ ಬಿಟ್ಟು ಬೇರೆ ಅಂಕಿ ಕಂಡರೆ ಮೊದಲು ಟ್ಯಾಲಿ ಡೇಟಾ ಮತ್ತು ಕಡತಗಳನ್ನು ಬೇರೆಡೆಗೆ ನಕಲು ಮಾಡಿ, ಕ್ಲೋನ್ ಆಮೇಲೆ.

ಎಂಬಿಆರ್ ಅನ್ನು ಯುಇಎಫ್‌ಐಗೆ ಬೇಕಾದ ಹೊಸ ಹಂಚಿಕೆಯಾದ ಜಿಪಿಟಿಗೆ ಬದಲಿಸಲು ವಿಂಡೋಸ್ ಒಳಗೇ ಎಂಬಿಆರ್‌ಟುಜಿಪಿಟಿ ಎಂಬ ಸಾಧನವಿದೆ. ಅಡ್ಮಿನಿಸ್ಟ್ರೇಟರ್ ಆಗಿ ಕಮಾಂಡ್ ಪ್ರಾಂಪ್ಟ್ ತೆರೆದು ಮೊದಲು ‘ವ್ಯಾಲಿಡೇಟ್’, ಅದು ಪಾಸಾದರೆ ‘ಕನ್ವರ್ಟ್’. ನಡೆಯುತ್ತಿರುವ ವಿಂಡೋಸ್ ಒಳಗಿಂದಲೇ ಮಾಡುವುದಾದರೆ ‘ಅಲೋಫುಲ್‌ಓಎಸ್’ ಎಂಬ ಸ್ವಿಚ್ಚನ್ನೂ ಜೊತೆಗೆ ಕೊಡಬೇಕು. ನಮ್ಮ ಕಡೆಯ ಯಂತ್ರಗಳು ವ್ಯಾಲಿಡೇಟ್‌ನಲ್ಲಿ ಫೇಲಾಗುವುದಕ್ಕೆ ಒಂದು ಸಾಮಾನ್ಯ ಕಾರಣವಿದೆ. ಅಂಗಡಿಯವರು ಡಿಸ್ಕನ್ನು ಸಿ, ಡಿ, ಇ ಎಂದು ಹೋಳು ಮಾಡಿಕೊಡುವ ರೂಢಿ ಇದೆಯಲ್ಲ, ಅದರಲ್ಲಿ ಡಿ ಮತ್ತು ಇ ಎಕ್ಸ್‌ಟೆಂಡೆಡ್ ಪಾರ್ಟಿಷನ್ ಒಳಗಿನ ಲಾಜಿಕಲ್ ಭಾಗಗಳಾಗಿರುತ್ತವೆ. ಈ ಸಾಧನ ಅಂಥ ಡಿಸ್ಕನ್ನು ಮುಟ್ಟುವುದೇ ಇಲ್ಲ. ನಾಲ್ಕು ಪ್ರೈಮರಿ ಪಾರ್ಟಿಷನ್ ಇದ್ದರೂ ಒಪ್ಪುವುದಿಲ್ಲ, ಮೂರಕ್ಕಿಂತ ಹೆಚ್ಚಿರಬಾರದು. ಎಸ್‌ಎಸ್‌ಡಿಗೆ ಕ್ಲೋನ್ ಮಾಡುವಾಗ ಈ ತೊಡಕು ತಾನಾಗಿ ಬಿಡಿಸಿಕೊಳ್ಳುತ್ತದೆ. ಸಿಸ್ಟಂ ರಿಸರ್ವ್ಡ್ ಮತ್ತು ಸಿ, ಇವೆರಡನ್ನು ಮಾತ್ರ ಕ್ಲೋನ್ ಮಾಡಿ, ಡಿ ಮತ್ತು ಇ ಒಳಗಿನದ್ದನ್ನು ಫೋಲ್ಡರ್‌ಗಳಾಗಿ ನಕಲು ಮಾಡಿದೆವು. ಹೊಸ ಎಸ್‌ಎಸ್‌ಡಿ ಮೇಲೆ ವ್ಯಾಲಿಡೇಟ್ ತಕರಾರಿಲ್ಲದೆ ಪಾಸಾಯಿತು. ಟ್ಯಾಲಿ ಡೇಟಾ ಡಿ ಡ್ರೈವಿನಲ್ಲಿದ್ದರೆ ದಾರಿ ಬದಲಾಗುತ್ತದೆ, ಟ್ಯಾಲಿಯ ಡೇಟಾ ಪಾತ್ ಸರಿಪಡಿಸಲು ಮರೆಯಬಾರದು.

ಕನ್ವರ್ಟ್ ಮುಗಿದ ಕೂಡಲೇ ಬಯಾಸ್‌ಗೆ ಹೋಗಿ ಸಿಎಸ್‌ಎಂ (ಹಳೆಯ ಬಗೆಯ ಬೂಟ್‌ಗೆ ಇರುವ ಅನುಕೂಲ) ಆಫ್ ಮಾಡಿ ಯುಇಎಫ್‌ಐಗೆ ತರಬೇಕು. ಹಳೆಯ ಸ್ಥಿತಿಯಲ್ಲೇ ಬಿಟ್ಟರೆ ಮುಂದಿನ ಸಲ ಬೂಟ್ ಆಗುವುದಿಲ್ಲ. ಯುಇಎಫ್‌ಐ ಬಾರದ ಹಳೆಯ ಗ್ರಾಫಿಕ್ಸ್ ಕಾರ್ಡ್ ಇದ್ದರೆ ಸಿಎಸ್‌ಎಂ ತೆಗೆದೊಡನೆ ಪರದೆ ಕಪ್ಪಾಗುತ್ತದೆ. ಆಗ ಕಾರ್ಡನ್ನು ಬಿಚ್ಚಿ ಬೋರ್ಡಿನದೇ ಕಿಂಡಿಗೆ ಮಾನಿಟರ್ ಚುಚ್ಚಿ ನೋಡಿ. ವಿಂಡೋಸ್ ಸರಿಯಾಗಿ ತೆರೆದ ಮೇಲೆ ಪಿಟಿಟಿ ಆನ್, ಸೆಕ್ಯೂರ್ ಬೂಟ್ ಆನ್. ಒಂದೊಂದಾಗಿ ಬದಲಿಸಿ, ನಡುನಡುವೆ ಒಮ್ಮೆ ಬೂಟ್ ಮಾಡಿ ನೋಡುವುದು ಒಳ್ಳೆಯದು. ಡಿಸ್ಕಿಗೆ ಬೀಗ ಹಾಕಿಡುವ ಬಿಟ್‌ಲಾಕರ್ ಇದ್ದರೆ ಇದಕ್ಕೆಲ್ಲ ಕೈ ಹಾಕುವ ಮೊದಲೇ ಅದನ್ನು ‘ಸಸ್ಪೆಂಡ್’ ಮಾಡಿ, 48 ಅಂಕಿಗಳ ರಿಕವರಿ ಕೀಯನ್ನು ಕಾಗದದ ಮೇಲೆ ಬರೆದಿಡಬೇಕು.

ಇಷ್ಟೆಲ್ಲ ಮಾಡುವ ಮುಂಚೆ ಬೋರ್ಡಿನ ಮೇಲಿನ ಸಿಆರ್2032 ಸೆಲ್ ಬದಲಿಸಲೇಬೇಕು ಎನ್ನುವುದು ನಮ್ಮ ಖಚಿತ ಅಭಿಪ್ರಾಯ. ಮಳೆಗಾಲದಲ್ಲಿ ದಿನಗಟ್ಟಲೆ ಕರೆಂಟ್ ಇಲ್ಲದ ಊರಿನಲ್ಲಿ ಸಪ್ಲೈ ಪೂರ್ತಿ ನಿಂತಾಗ ಬಯಾಸ್‌ನ ನೆನಪನ್ನು ಹಿಡಿದಿಡುವುದು ಆ ಸೆಲ್. ಅದು ಸತ್ತಿದ್ದರೆ ಕರೆಂಟ್ ಬಂದಾಗ ಬಯಾಸ್ ಕಾರ್ಖಾನೆಯ ಸ್ಥಿತಿಗೆ ಮರಳುತ್ತದೆ. ಪಿಟಿಟಿ ಆಫ್ ಆಗಬಹುದು, ಬೂಟ್ ವಿಧಾನ ಬದಲಾಗಬಹುದು, ಬಿಟ್‌ಲಾಕರ್ ಕೀ ಕೇಳಬಹುದು. ಜುಲೈ ತಿಂಗಳಲ್ಲಿ ‘ವಿಂಡೋಸ್ 11 ಹಾಕಿದ್ದರಿಂದ ಹಾಳಾಯಿತು’ ಎಂಬ ದೂರು ಬಂದರೆ ಮೊದಲು ಗಡಿಯಾರದ ದಿನಾಂಕ ನೋಡಿ. ಹಿಂದಿನ ಯಾವುದೋ ವರ್ಷ ತೋರಿಸುತ್ತಿದ್ದರೆ ಸೆಲ್ ಹೋಗಿದೆ. ಪೆಟ್ಟಿಗೆ ಹೇಗೂ ತೆರೆದಿರುವಾಗ ರ‍್ಯಾಮ್ ತೆಗೆದು ಅದರ ಹಲ್ಲುಗಳನ್ನು ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ ಒರೆಸಿ. ಇಲ್ಲಿನ ತೇವಕ್ಕೆ ಅಲ್ಲಿ ಪೊರೆ ಕಟ್ಟುತ್ತದೆ, ಅಪ್‌ಗ್ರೇಡ್ ನಡುವೆ ನೀಲಿ ಪರದೆ ಬರಲು ಅದೂ ಒಂದು ಕಾರಣ.

ತೋಟದ ಮನೆಯಲ್ಲಿ ಮೊಬೈಲ್ ಹಾಟ್‌ಸ್ಪಾಟ್ ನಂಬಿ ವಿಂಡೋಸ್ ಅಪ್‌ಡೇಟ್ ಮೂಲಕ ಅಪ್‌ಗ್ರೇಡ್ ಇಳಿಸಿಕೊಳ್ಳುವುದು ಬೇಡ. ವಿಂಡೋಸ್ 11 ಪೂರ್ತಿ ಇರುವ, 5 ಜಿಬಿ ಮೀರಿದ ಐಎಸ್‌ಒ ಕಡತವನ್ನು ಮಡಿಕೇರಿಯಲ್ಲೋ ಗೋಣಿಕೊಪ್ಪದಲ್ಲೋ ಒಳ್ಳೆಯ ಸಂಪರ್ಕ ಇರುವಲ್ಲಿ ಇಳಿಸಿಕೊಂಡು ಪೆನ್‌ಡ್ರೈವ್‌ನಲ್ಲಿ ತರಬಹುದು. ಪೆನ್‌ಡ್ರೈವ್ ಎಫ್‌ಎಟಿ32 ಆಗಿದ್ದರೆ 4 ಜಿಬಿ ಮೀರಿದ ಕಡತ ಹಿಡಿಸುವುದಿಲ್ಲ, ಎಕ್ಸ್‌ಫ್ಯಾಟ್ ಅಥವಾ ಎನ್‌ಟಿಎಫ್‌ಎಸ್ ಮಾಡಿಕೊಳ್ಳಿ. ಇಳಿಸುವಾಗ ಭಾಷೆಯ ಆಯ್ಕೆಯಲ್ಲಿ ಎಚ್ಚರ ಬೇಕು. ‘ಇಂಗ್ಲಿಷ್ ಯುನೈಟೆಡ್ ಸ್ಟೇಟ್ಸ್’ ಮತ್ತು ‘ಇಂಗ್ಲಿಷ್ ಇಂಟರ್‌ನ್ಯಾಷನಲ್’ ಎಂದು ಎರಡಿವೆ. ಈಗಿರುವ ವಿಂಡೋಸ್ ಯಾವುದೋ ಅದೇ ಬೇಕು. ತಪ್ಪಿದರೆ ಸೆಟಪ್‌ನಲ್ಲಿ ‘ಕಡತ ಮತ್ತು ತಂತ್ರಾಂಶ ಎರಡನ್ನೂ ಉಳಿಸು’ ಎಂಬ ಆಯ್ಕೆ ಮಂಕಾಗಿ, ಒತ್ತಲು ಬಾರದಂತಾಗುತ್ತದೆ. ಕಮಾಂಡ್ ಪ್ರಾಂಪ್ಟ್‌ನಲ್ಲಿ ಡಿಸ್ಮ್ ಸಾಧನಕ್ಕೆ ‘ಗೆಟ್-ಇಂಟ್ಲ್’ ಆಜ್ಞೆ ಕೊಟ್ಟರೆ ಸಿಸ್ಟಂನ ಮೂಲ ಭಾಷೆ ಗೊತ್ತಾಗುತ್ತದೆ. ಐಎಸ್‌ಒ ಮೇಲೆ ಎರಡು ಸಲ ಕ್ಲಿಕ್ ಮಾಡಿ, ವಿಂಡೋಸ್ ಒಳಗಿಂದಲೇ ಸೆಟಪ್ ನಡೆಸಿ, ಅಪ್‌ಡೇಟ್ ಇಳಿಸುವುದು ‘ಈಗ ಬೇಡ’ ಎಂದು ಆರಿಸಿದರೆ ನೆಟ್ ಇಲ್ಲದೆಯೂ ಕೆಲಸ ಮುಗಿಯುತ್ತದೆ.

ಕಚೇರಿಯ ಚಿಕ್ಕ ಯುಪಿಎಸ್ ಕೆಲವು ನಿಮಿಷಕ್ಕಷ್ಟೇ. ಸೆಟಪ್‌ನ ಮೊದಲ ಹಂತ ವಿಂಡೋಸ್ ತೆರೆದಿರುವಾಗಲೇ ನಡೆಯುತ್ತದೆ, ಅಲ್ಲಿ ಕರೆಂಟ್ ಹೋದರೆ ಹೆಚ್ಚೇನೂ ನಷ್ಟವಿಲ್ಲ. ಮೊದಲ ರೀಸ್ಟಾರ್ಟ್ ನಂತರ, ಕಪ್ಪು ಪರದೆಯ ಮೇಲೆ ಶೇಕಡಾವಾರು ಏರುವ ಹೊತ್ತೇ ಅಪಾಯದ್ದು. ಅಲ್ಲಿ ಕಡಿದರೆ ಸಾಮಾನ್ಯವಾಗಿ ವಿಂಡೋಸ್ ತಾನಾಗಿ ಹಳೆಯದಕ್ಕೆ ಮರಳುತ್ತದೆ, ಆದರೆ ಅದನ್ನೇ ನಂಬಿ ಕೂರಬಾರದು. ಮನೆಯ ದೊಡ್ಡ ಇನ್ವರ್ಟರ್ ಲೈನಿಗೆ ಸಿಪಿಯು ಮತ್ತು ಮಾನಿಟರ್ ಮಾತ್ರ ಜೋಡಿಸಿ, ಬೆಳಿಗ್ಗೆ ಶುರು ಮಾಡಿದೆವು.

ಶುರು ಮಾಡುವ ಮೊದಲು ಟ್ಯಾಲಿಯ ಲೈಸೆನ್ಸ್ ‘ಸರೆಂಡರ್’ ಮಾಡಿ, ಅಂದರೆ ಈ ಯಂತ್ರದಿಂದ ಬಿಡಿಸಿ, ಇಡಬೇಕು. ಡಿಸ್ಕ್ ಬದಲಾದರೆ ಟ್ಯಾಲಿಗೆ ಯಂತ್ರವೇ ಬೇರೆ ಎನ್ನಿಸಿ ಎಜುಕೇಷನಲ್ ಮೋಡ್‌ಗೆ (ಲೈಸೆನ್ಸ್ ಇಲ್ಲದ ಕಲಿಕೆಯ ಸ್ಥಿತಿಗೆ) ಇಳಿಯಬಹುದು. ಸರೆಂಡರ್‌ಗೂ ಮುಂಚೆ ಖಚಿತ ಮಾಡಿಕೊಳ್ಳಬೇಕಾದದ್ದು ಲೈಸೆನ್ಸ್ ಯಾರ ಇ-ಮೇಲ್ ಹೆಸರಿನಲ್ಲಿದೆ ಎಂದು. ಕೆಲಸ ಬಿಟ್ಟು ಹೋದ ರೈಟರ್ ಹೆಸರಿನಲ್ಲೋ ಮಾರಿದವರ ಹೆಸರಿನಲ್ಲೋ ಇದ್ದರೆ ಮತ್ತೆ ಚಾಲೂ ಮಾಡುವ ಕೀ ಅವರಿಗೇ ಹೋಗುತ್ತದೆ. ಆ ಹೆಸರು ಸರಿಯಾಗದೆ ಮುಂದೆ ಹೋಗಬಾರದು. ಡಿಜಿಟಲ್ ಸಹಿಯ ಟೋಕನ್ ಕಳಚಿಡಿ. ಅಪ್‌ಗ್ರೇಡ್ ಆದ ಮೇಲೆ ಅದರ ಡ್ರೈವರ್, ಜಿಎಸ್‌ಟಿಗೆ ಬೇಕಾದ ಎಮ್‌ಸೈನರ್ ಎಂಬ ಸಹಿಯ ತಂತ್ರಾಂಶ, ಎರಡನ್ನೂ ಹೊಸದಾಗಿ ಹಾಕಿ ಒಮ್ಮೆ ಸಹಿ ಮಾಡಿ ನೋಡಿ.

“ಸಾರ್, ನುಡಿ ಇರುತ್ತಾ?” ಎಂಬುದು ರೈಟರ್ ಕೇಳಿದ ಮೊದಲ ಪ್ರಶ್ನೆ. ಸರಿಯಾದ ಪ್ರಶ್ನೆಯೇ. ಪಂಚಾಯಿತಿಗೆ, ತಾಲ್ಲೂಕು ಕಚೇರಿಗೆ ಬರೆದ ವರ್ಷಗಟ್ಟಲೆಯ ಅರ್ಜಿಗಳು ಹಳೆಯ ನುಡಿಯ ಆಸ್ಕಿ ಅಕ್ಷರಗಳಲ್ಲಿವೆ. ಫಾಂಟ್ ಇಲ್ಲದ ಯಂತ್ರದಲ್ಲಿ ಅವು ಅರ್ಥವಿಲ್ಲದ ಇಂಗ್ಲಿಷ್ ಚಿಹ್ನೆಗಳ ಸಾಲಾಗಿ ಕಾಣುತ್ತವೆ. ಎಲ್ಲವನ್ನೂ ಉಳಿಸಿಕೊಂಡು ಅಪ್‌ಗ್ರೇಡ್ ಮಾಡಿದರೆ ಫಾಂಟ್ ಎಲ್ಲಿಯೂ ಹೋಗುವುದಿಲ್ಲ. ಅಳಿಸಿ ಹೊಸದಾಗಿ ಹಾಕುವುದಾದರೆ ವಿಂಡೋಸ್‌ನ ಫಾಂಟ್ಸ್ ಫೋಲ್ಡರಿನಿಂದ ನುಡಿ ಹೆಸರಿನ ಎಲ್ಲ ಕಡತಗಳನ್ನು ಮೊದಲೇ ಎತ್ತಿಟ್ಟುಕೊಳ್ಳಬೇಕು. ಹೊಸದಾಗಿ ಹಾಕಿದ ವಿಂಡೋಸ್ 11ರಲ್ಲಿ ಸ್ಮಾರ್ಟ್ ಆ್ಯಪ್ ಕಂಟ್ರೋಲ್ ಎಂಬ ಕಾವಲು ಇರುತ್ತದೆ. ಡಿಜಿಟಲ್ ಸಹಿ ಇಲ್ಲದ ಹಳೆಯ ಕನ್ನಡ ತಂತ್ರಾಂಶಗಳನ್ನು ಅದು ತಡೆಯಬಹುದು. ಈ ಎರಡು ಕಾರಣಕ್ಕೇ ಕಚೇರಿಯ ಯಂತ್ರಕ್ಕೆ ಉಳಿಸಿಕೊಂಡು ಮಾಡುವ ಅಪ್‌ಗ್ರೇಡ್ ಆರಿಸಿದೆವು. ಹೊಸ ಅರ್ಜಿಗಳನ್ನಾದರೂ ಯುನಿಕೋಡ್‌ನಲ್ಲಿ ಬರೆಯಿರಿ, ಮುಂದಿನ ಯಂತ್ರ ಬಂದಾಗ ಈ ಪ್ರಶ್ನೆಯೇ ಏಳುವುದಿಲ್ಲ.

ಸೆಟಪ್ ಮಧ್ಯೆ ನಿಂತರೆ ಕೊನೆಗೆ ತೋರಿಸುವ ಸಂಕೇತವನ್ನು ಬರೆದುಕೊಳ್ಳಿ. ಸಿ1900101 ಎಂದಿದ್ದರೆ ಯಾವುದೋ ಡ್ರೈವರ್ ತೊಂದರೆ. ಪ್ರಿಂಟರ್, ಟೋಕನ್, ಬಯೋಮೆಟ್ರಿಕ್ ಎಲ್ಲ ಕಿತ್ತು, ಕೀಬೋರ್ಡ್ ಮೌಸ್ ಮಾತ್ರ ಬಿಟ್ಟು, ಹೊರಗಿನ ಆ್ಯಂಟಿವೈರಸ್ ತೆಗೆದು ಮತ್ತೆ ಮಾಡಿ. 80070070 ಎಂದರೆ ಜಾಗ ಸಾಲದು. ‘ಸಿಸ್ಟಂ ರಿಸರ್ವ್ಡ್ ಪಾರ್ಟಿಷನ್ ಅಪ್‌ಡೇಟ್ ಮಾಡಲಾಗಲಿಲ್ಲ’ ಎಂದು ಬಂದರೆ ಸಿ ಡ್ರೈವ್ ಖಾಲಿ ಮಾಡಿ ಉಪಯೋಗವಿಲ್ಲ. ತುಂಬಿರುವುದು ಬೂಟ್ ಕಡತಗಳಿರುವ 100 ಎಂಬಿಯ ಇಎಫ್‌ಐ ಪಾರ್ಟಿಷನ್. ಅದನ್ನು ಮೌಂಟ್‌ವಾಲ್ ಆಜ್ಞೆಯಿಂದ ತೆರೆದು, ಮೈಕ್ರೋಸಾಫ್ಟ್, ಬೂಟ್ ಫೋಲ್ಡರುಗಳ ಒಳಗಿನ ಫಾಂಟ್ಸ್ ಫೋಲ್ಡರಿನ ಕಡತಗಳನ್ನು ಅಳಿಸಿದರೆ ಜಾಗ ಸಿಗುತ್ತದೆ.

ಅಪ್‌ಗ್ರೇಡ್ ಮುಗಿದ ದಿನವೇ ಮಾಡಬೇಕಾದ ಮುಖ್ಯ ಕೆಲಸ ಒಂದಿದೆ. ಹಳೆಯ ವಿಂಡೋಸ್‌ಗೆ ಮರಳುವ ಅವಕಾಶ 10 ದಿನ ಮಾತ್ರ. ತೋಟದ ಕಚೇರಿಗೆ ಅದು ಸಾಲದು. ಬಟವಾಡೆ ವಾರಕ್ಕೊಮ್ಮೆ ಬರುತ್ತದೆ, ಆದರೆ ಜಿಎಸ್‌ಟಿ ಸಲ್ಲಿಕೆ, ಪಿಎಫ್, ಬ್ಯಾಂಕಿನ ಕೆಲಸ ಎಲ್ಲ ಒಂದು ಸುತ್ತು ಬರಲು ತಿಂಗಳಾದರೂ ಬೇಕು. ಡಿಸ್ಮ್ ಸಾಧನದ ‘ಸೆಟ್-ಓಎಸ್‌ಅನ್‌ಇನ್‌ಸ್ಟಾಲ್‌ವಿಂಡೋ’ ಆಜ್ಞೆಗೆ 60 ಎಂದು ಕೊಟ್ಟರೆ ಅವಕಾಶ 60 ದಿನಕ್ಕೆ ಹಿಗ್ಗುತ್ತದೆ. ಅಷ್ಟು ದಿನ ವಿಂಡೋಸ್.ಓಲ್ಡ್ ಫೋಲ್ಡರ್ ಮುಟ್ಟಬೇಡಿ, ಡಿಸ್ಕ್ ಕ್ಲೀನಪ್ ಮಾಡಬೇಡಿ.

ಹೋಂಸ್ಟೇ ಲ್ಯಾಪ್‌ಟಾಪ್ ವಿಷಯ ಬೇರೆ. ಪ್ರೊಸೆಸರ್ ಪಟ್ಟಿಯಲ್ಲಿಲ್ಲ. ಅಡ್ಡದಾರಿಯಲ್ಲಿ ವಿಂಡೋಸ್ 11 ಹಾಕಬಹುದು, ಬೂಟ್ ಪೆನ್‌ಡ್ರೈವ್ ಸಿದ್ಧ ಮಾಡುವ ರೂಫಸ್ ತಂತ್ರಾಂಶದಲ್ಲಿ ಎರಡು ಟಿಕ್ ಹೊಡೆದರೆ ಆಯಿತು, ಆ ಪ್ರೊಸೆಸರಿನಲ್ಲಿ ಓಡಿಯೂ ಓಡುತ್ತದೆ. ನಾವು ಬೇಡ ಎಂದೆವು. ಅಂಥ ಯಂತ್ರಕ್ಕೆ ಅಪ್‌ಡೇಟ್ ಕೊಡುವ ಹೊಣೆಯನ್ನು ಮೈಕ್ರೋಸಾಫ್ಟ್ ಹೊರುವುದಿಲ್ಲ, ವರ್ಷಕ್ಕೊಮ್ಮೆ ಬರುವ ದೊಡ್ಡ ಆವೃತ್ತಿಯನ್ನು ಪ್ರತಿ ಸಲವೂ ಕೈಯಿಂದ ಹಾಕಬೇಕು. ಅತಿಥಿಗಳ ಆಧಾರ್, ಪಾಸ್‌ಪೋರ್ಟ್ ಪ್ರತಿ ಇರುವ ಯಂತ್ರವನ್ನು ಯಾರಾದರೂ ನೆನಪಿಟ್ಟು ಕೈಯಿಂದ ಅಪ್‌ಡೇಟ್ ಮಾಡುತ್ತಾರೆ ಎಂಬ ನಂಬಿಕೆಯ ಮೇಲೆ ಬಿಡಬಾರದು.

ಅದು ಮನೆಯವರದೇ ಸ್ವಂತ ಲ್ಯಾಪ್‌ಟಾಪ್ ಆದ್ದರಿಂದ ಮೊದಲ ವರ್ಷಕ್ಕೆ ಇಎಸ್‌ಯು, ಅಂದರೆ ವಿಸ್ತರಿಸಿದ ಭದ್ರತಾ ಅಪ್‌ಡೇಟ್ ತೆಗೆದುಕೊಂಡೆವು. ಅದು 2026ರ ಅಕ್ಟೋಬರ್ 13ರವರೆಗೆ. ಯಂತ್ರ 22ಎಚ್2 ಆವೃತ್ತಿಯಲ್ಲಿರಬೇಕು, ಮೈಕ್ರೋಸಾಫ್ಟ್ ಖಾತೆಯಿಂದ ಅಡ್ಮಿನಿಸ್ಟ್ರೇಟರ್ ಆಗಿ ಒಳಬಂದಿರಬೇಕು. ವಿಂಡೋಸ್ ಅಪ್‌ಡೇಟ್ ಪುಟದಲ್ಲಿ ನೋಂದಣಿಯ ಕೊಂಡಿ ಕಾಣುತ್ತದೆ. ಸೆಟ್ಟಿಂಗ್‌ಗಳನ್ನು ವಿಂಡೋಸ್ ಬ್ಯಾಕಪ್ ಮೂಲಕ ಒನ್‌ಡ್ರೈವ್‌ಗೆ ಜೋಡಿಸಲು ಒಪ್ಪಿದರೆ ಹಣವಿಲ್ಲ. ಇಲ್ಲವಾದರೆ 1000 ರಿವಾರ್ಡ್ಸ್ ಪಾಯಿಂಟ್ ಅಥವಾ 30 ಡಾಲರ್ ಮಟ್ಟದ ಶುಲ್ಕ. ಸಂಸ್ಥೆಗಳ ಯಂತ್ರಕ್ಕೆ ಈ ಸೌಲಭ್ಯ ಅಲ್ಲ, ಅವಕ್ಕೆ ಮೊದಲ ವರ್ಷ ಯಂತ್ರಕ್ಕೆ 61 ಡಾಲರ್, ಮುಂದಿನ ಪ್ರತಿ ವರ್ಷ ಇಮ್ಮಡಿ. ಕಚೇರಿಯ ಡೆಸ್ಕ್‌ಟಾಪ್‌ಗೆ ಎಸ್‌ಎಸ್‌ಡಿ ಹಾಕಿ ದಾಟಿಸಿದ್ದಕ್ಕೆ ಈ ಲೆಕ್ಕವೂ ಕಾರಣ.

ಇಎಸ್‌ಯು ಮುಗಿದ ಮೇಲೆ ಆ ಲ್ಯಾಪ್‌ಟಾಪ್‌ಗೆ ವಿಂಡೋಸ್ ಬದಲಿಗೆ ಹಾಕಬಹುದಾದ ಉಚಿತ ಲಿನಕ್ಸ್ ಮಿಂಟ್ 22ರ ಹಗುರವಾದ ಎಕ್ಸ್‌ಎಫ್‌ಸಿಇ ಆವೃತ್ತಿ ಎಂದು ಈಗಲೇ ನಿಶ್ಚಯಿಸಿದ್ದೇವೆ. ಅದಕ್ಕೆ 2029ರವರೆಗೆ ಬೆಂಬಲವಿದೆ. ಬುಕಿಂಗ್, ಮೇಲ್, ವಿದೇಶಿ ಅತಿಥಿಗಳ ಮಾಹಿತಿಯನ್ನು 24 ಗಂಟೆಯೊಳಗೆ ಸಲ್ಲಿಸುವ ಪೋರ್ಟಲ್, ಎಲ್ಲವೂ ಬ್ರೌಸರಿನಲ್ಲೇ ನಡೆಯುವ ಕೆಲಸ. ಇನ್‌ಸ್ಟಾಲ್ ಮಾಡದೆ ಪೆನ್‌ಡ್ರೈವ್‌ನಿಂದಲೇ ಬೂಟ್ ಮಾಡಿ ವೈಫೈ, ಧ್ವನಿ, ಮುಚ್ಚಳ ಮುಚ್ಚಿದಾಗ ನಿದ್ರೆಗೆ ಹೋಗುವುದು, ಎಲ್ಲ ಪರೀಕ್ಷಿಸಬಹುದು. ಕನ್ನಡಕ್ಕೆ ಲಿನಕ್ಸ್‌ನ ಟೈಪಿಂಗ್ ಸಾಧನವಾದ ಐಬಸ್‌ನ ಎಂ17ಎನ್ ಪಟ್ಟಿಯಲ್ಲಿ ಕೆಜಿಪಿ ಕೀಲಿಮಣೆ ವಿನ್ಯಾಸ ಆರಿಸಿದರೆ ನುಡಿಯ ಬೆರಳಭ್ಯಾಸವೇ ಸಾಕು. ಅಡ್ಡಿಯಾಗಬಹುದಾದದ್ದು ಪ್ರಿಂಟರ್. ಕ್ಯಾನನ್ ಎಲ್‌ಬಿಪಿ2900 ಲಿನಕ್ಸ್‌ನಲ್ಲಿ ತುಂಬ ಸತಾಯಿಸುತ್ತದೆ, ಎಚ್‌ಪಿ ಲೇಸರ್‌ಜೆಟ್ 1020 ಎಚ್‌ಪಿಯ ಲಿನಕ್ಸ್ ಡ್ರೈವರ್ ಆದ ಎಚ್‌ಪಿಲಿಪ್‌ನ ಹೆಚ್ಚುವರಿ ಪ್ಲಗಿನ್ ಹಾಕಿದರೆ ನಡೆಯುತ್ತದೆ. ರ‍್ಯಾಮ್ ಇನ್ನೊಂದು 4 ಜಿಬಿ ಸೇರಿಸಲು ಜಾಗವಿದ್ದರೆ ಈಗಲೇ ಸೇರಿಸಿ, ವಿಂಡೋಸ್ 10 ಇರುವ ತನಕವೂ ಅದರಿಂದ ಲಾಭವೇ.

ಗೋದಾಮಿನ ಪಿಸಿಗೆ ಮಾತ್ರ ಅಪ್‌ಗ್ರೇಡ್ ಬೇಡ ಎಂದು ಬರೆದುಕೊಟ್ಟೆವು. ವಿಂಡೋಸ್ 11ರಲ್ಲಿ 32 ಬಿಟ್ ಆವೃತ್ತಿಯೇ ಇಲ್ಲ, ಹಾಕಬೇಕಾದರೆ ಎಲ್ಲ ಅಳಿಸಬೇಕು. ಅಲ್ಲಿನ ಬಿಲ್ಲಿಂಗ್ ತಂತ್ರಾಂಶ ಡಾಸ್ ಕಾಲದ ಫಾಕ್ಸ್‌ಪ್ರೊದ್ದು, 16 ಬಿಟ್. 64 ಬಿಟ್ ವಿಂಡೋಸ್ ಅದನ್ನು ತೆರೆಯುವುದೇ ಇಲ್ಲ. ಡಾಸ್ ಅನ್ನು ಅನುಕರಿಸುವ ಡಾಸ್‌ಬಾಕ್ಸ್ ಒಳಗೆ ಓಡಿಸಬಹುದು, ಆದರೆ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿಗೂ ತೂಕದ ಯಂತ್ರಕ್ಕೂ ದಾರಿ ಮಾಡಿಕೊಡುವುದು ಬೇರೆಯೇ ಕೆಲಸ, ಕುಯ್ಲಿನ ನಡುವೆ ಮಾಡುವಂಥದ್ದಲ್ಲ. ಇನ್ನು ತೂಕದ ಕೇಬಲ್. ಯುಎಸ್‌ಬಿಯಿಂದ ಸೀರಿಯಲ್‌ಗೆ ಬದಲಿಸುವ ತುಂಡಿನೊಳಗೆ ಹಳೆಯ ಪಿಎಲ್2303 ಚಿಪ್ ಇದ್ದರೆ ವಿಂಡೋಸ್ 11ರ ಡಿವೈಸ್ ಮ್ಯಾನೇಜರ್‌ನಲ್ಲಿ ಹಳದಿ ಗುರುತಿನ ಜೊತೆಗೆ ಈ ಚಿಪ್ 2012ರಿಂದ ನಿಂತುಹೋಗಿದೆ, ಮಾರಿದವರನ್ನು ಕೇಳಿ ಎಂಬ ಸಾಲು ಬರುತ್ತದೆ. ತೂಕ ಪರದೆಗೆ ಬರುವುದಿಲ್ಲ. ಎಫ್‌ಟಿಡಿಐ ಚಿಪ್ಪಿನ ಕೇಬಲ್ ತಂದರೆ ಅದು ಪರಿಹಾರವಾಗುತ್ತದೆ, ಫಾಕ್ಸ್‌ಪ್ರೊ ಆಗುವುದಿಲ್ಲ.

ಆ ಪಿಸಿಗೆ ಮಾಡಿದ್ದು ಇಷ್ಟು: ನೆಟ್ ಕೇಬಲ್ ಕಿತ್ತು ವೈಫೈ ಡಿಸೇಬಲ್ ಮಾಡಿದ್ದು, ಡಿಸ್ಕಿನ ಪೂರ್ತಿ ಕ್ಲೋನ್ ಒಂದನ್ನು ಸಿದ್ಧ ಮಾಡಿ ಬೂಟ್ ಮಾಡಿ ನೋಡಿದ್ದು, ಡೇಟಾ ಹೊರತರಲು ಒಂದೇ ಪೆನ್‌ಡ್ರೈವ್ ಮೀಸಲಿಟ್ಟು ಅದನ್ನು ಬೇರೆ ಯಂತ್ರದಲ್ಲಿ ಪ್ರತಿ ಸಲ ಸ್ಕ್ಯಾನ್ ಮಾಡುವ ನಿಯಮ ಹಾಕಿದ್ದು. ಜಿಎಸ್‌ಟಿ, ಬ್ಯಾಂಕ್, ಮೇಲ್ ಯಾವುದೂ ಅಲ್ಲಿ ತೆರೆಯುವಂತಿಲ್ಲ. ಕೇಬಲ್ ಬದಲಿಸುವ ಸಂದರ್ಭ ಬಂದರೆ ತೊಂದರೆಯಾಗದಿರಲು ತೂಕದ ಯಂತ್ರದ ಜೊತೆ ಮಾತಾಡಲು ಬೇಕಾದ ಈಗಿನ ಕಾಮ್ ಪೋರ್ಟ್ ಸಂಖ್ಯೆ, ಬಾಡ್ ರೇಟ್, ಪ್ಯಾರಿಟಿ, ಸ್ಟಾಪ್ ಬಿಟ್ ಎಲ್ಲವನ್ನೂ ಬರೆದು ಸಿಪಿಯು ಪಕ್ಕಕ್ಕೆ ಅಂಟಿಸಿದೆವು. ಹೊಸ ಕೇಬಲ್ ಚುಚ್ಚಿದಾಗ ವಿಂಡೋಸ್ ಅದಕ್ಕೆ ಕಾಮ್ 7 ಎಂದೋ 9 ಎಂದೋ ಕೊಟ್ಟುಬಿಡುತ್ತದೆ, ಹಳೆಯ ತಂತ್ರಾಂಶ 1ರಿಂದ 4ರವರೆಗೆ ಮಾತ್ರ ಹುಡುಕುತ್ತದೆ. ಡಿವೈಸ್ ಮ್ಯಾನೇಜರ್‌ನಲ್ಲಿ ಆ ಪೋರ್ಟಿನ ಅಡ್ವಾನ್ಸ್ಡ್ ಸೆಟ್ಟಿಂಗ್ ತೆರೆದು ಹಳೆಯ ಸಂಖ್ಯೆಯನ್ನೇ ಕೊಟ್ಟರೆ ತೂಕ ಬರುತ್ತದೆ.